ಲಂಡನ್ ಗಾಡಿಗೆ ಗಡಹಿಂಗ್ಲಜದ ಕಂಟ್ರೋಲರ್

ಮಹಾರಾಷ್ಟ್ರದ ಗಡಿಯೂರಾದ ಗಡಹಿಂಗ್ಲಜದ ಎಸ್‌ಟಿ ಬಸ್ ಸ್ಟ್ಯಾಂಡಿನ ಎದುರಿಗೆ ನನ್ನದೊಂದು ಚಿಕ್ಕ ಅಂಗಡಿ. ಝೆರಾಕ್ಸ್ ಹೊಡೆಯುತ್ತೇನೆ, ಫಾರ್ಮ್ ತುಂಬಿಕೊಡುತ್ತೇನೆ, ರೈಲು ವಿಮಾನಗಳ ಟಿಕೀಟು ತೆಗೆಯುತ್ತೇನೆ. ಬಾಗಿಲಿನ ಎಡಕ್ಕೆ ಒಂದು ನೀಲಿ ಪ್ಲಾಸ್ಟಿಕ್ ಕುರ್ಚಿ ಇದೆ. ಅದರ ಒಂದು ಕಾಲು ಕೊಂಚ ಗಿಡ್ಡ, ಕೆಳಗೆ ಮಡಿಚಿದ ರಟ್ಟು ಕೊಟ್ಟಿದ್ದೇನೆ. ಹತ್ತು ವರ್ಷ ಆ ಕುರ್ಚಿಯ ಮೇಲೆ ನನಗೆ ಯಾವ ಹಕ್ಕೂ ಇರಲಿಲ್ಲ. ಅದರಲ್ಲಿ ಕೂತವರು ನನ್ನ ಗಿರಾಕಿಗಳಿಗೆ ನನಗಿಂತ ಮೊದಲು ಉತ್ತರ ಕೊಡುತ್ತಿದ್ದರು. ತಪ್ಪಿ ನಾನೇ ಮೊದಲು ಕೊಟ್ಟರೆ ಅದು ತಪ್ಪೆಂದು ತೋರಿಸಿಕೊಡುತ್ತಿದ್ದರು. ಹೋದ ತಿಂಗಳಿನಿಂದ ಕುರ್ಚಿ ಖಾಲಿಯಿದೆ. ಗಿರಾಕಿಗಳು ಅದರ ಮೇಲೆ ಚೀಲ ಇಡುತ್ತಾರೆ, ನಾನು ಸುಮ್ಮನೆ ಎತ್ತಿ ಕೆಳಗಿಡುತ್ತೇನೆ.

ಅವರು ಸ್ಟ್ಯಾಂಡಿನ ಕಂಟ್ರೋಲರ್ ಆಗಿದ್ದವರು. ಯಾವ ಬಸ್ಸು ಎಲ್ಲಿ ನಿಲ್ಲಬೇಕು, ಎಷ್ಟಕ್ಕೆ ಬಿಡಬೇಕು ಎಂದು ಕಿಟಕಿಯ ಹಿಂದಿನ ಖೋಲಿಯಲ್ಲಿ ಕೂತು ಬರೆಯುವುದು, ಬರೆದದ್ದನ್ನು ಮೈಕಿನಲ್ಲಿ ಕೂಗುವುದು ಅವರ ಕೆಲಸ. ಕೂಗುವುದು ಮರಾಠಿಯಲ್ಲಿ, ಸಿಟ್ಟು ಕನ್ನಡದಲ್ಲಿ. "ಆಜರಾ ಗಾಡೀ ಫಲಾಟ ಕ್ರಮಾಂಕ ತೀನ್‌ವರ ಲಾಗಲೀ ಆಹೇ" ಎಂದು, ಅಂದರೆ ಆಜರಾ ಬಸ್ಸು ಮೂರನೆಯ ಪ್ಲಾಟ್‌ಫಾರ್ಮಿಗೆ ನಿಂತಿದೆ ಎಂದು, ಗಂಭೀರವಾಗಿ ಹೇಳಿದ ಮರುಕ್ಷಣವೇ "ನೂಲದ ಗಾಡಿ ಡ್ರೈವರ್, ಚಾದ ಕಪ್ ಕೆಳಗ ಇಡ್ರಿ" ಎಂಬ ಮಾತು ಇಡೀ ಪೇಟೆಗೆ ಕೇಳಿಸುತ್ತಿತ್ತು. ಊರಿಗೆಲ್ಲ ಅವರು ಕಂಟ್ರೋಲರ್ ಸಾಹೇಬರು. ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ, ಹಾಗಾಗಿ ಇಲ್ಲೂ ಅದನ್ನು ಬರೆಯುವುದಿಲ್ಲ.

ಕೈಗಡಿಯಾರವನ್ನು ಮುಂಗೈಯ ಒಳಬದಿಗೆ ಕಟ್ಟುತ್ತಿದ್ದರು. ಹೊತ್ತನ್ನು ಎಲ್ಲರಿಗೂ ತೋರಿಸುತ್ತ ಅಡ್ಡಾಡಬಾರದು ಎಂದು ಅವರ ಅಭಿಪ್ರಾಯ. ಯಾರಾದರೂ ಎಷ್ಟಾಯಿತು ಎಂದು ಕೇಳಿದರೆ ಅಂಗೈ ಮೇಲೆ ಮಾಡಿ, ಪ್ರಸಾದ ಕೊಡುವವರಂತೆ ಮುಂದೆ ಚಾಚುತ್ತಿದ್ದರು. ನಿವೃತ್ತರಾದ ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಇಸ್ತ್ರಿ ಅಂಗಿ ಹಾಕಿಕೊಂಡು ಅಭ್ಯಾಸದಂತೆ ಸ್ಟ್ಯಾಂಡಿಗೆ ಬಂದವರು, ಕಿಟಕಿಯ ಹಿಂದೆ ಬೇರೆ ಮುಖ ಕಂಡು ರಸ್ತೆ ದಾಟಿ ನನ್ನ ಅಂಗಡಿಗೆ ಬಂದರು. ಇಲ್ಲಿಂದ ಎಲ್ಲ ಗಾಡಿಗಳೂ ಕಾಣಿಸುತ್ತವಲ್ಲ ಎಂದರು. ನಾನು ಹೂಂ ಅಂದೆ. ಆ ಒಂದು ಹೂಂ ನನ್ನನ್ನು ಹತ್ತು ವರ್ಷ ಕಟ್ಟಿಹಾಕಿತು.

ನಮ್ಮಿಬ್ಬರಿಗೂ ಜಗಳ ಹತ್ತಿದ್ದು ನನ್ನ ಫೋನಿನಿಂದ. ಆಜರಾ ಕಡೆಯ ಗೋಡಂಬಿ ವ್ಯಾಪಾರಿಯೊಬ್ಬರು ದುಬೈಗೆ ಹೊರಟಿದ್ದರು. ಎಷ್ಟು ಹೊತ್ತಿನ ದಾರಿ ಎಂದು ಕೇಳಿದರು. ನಾನು ಫೋನು ಒತ್ತಿ, ಮುಂಬೈಯಿಂದ ಮೂರು ತಾಸು ಎಂದೆ. ಕುರ್ಚಿಯಿಂದ ಪ್ರಶ್ನೆ ಬಂತು: "ಯಾರ ಹೊಂಟಾರ? ಯಾಕ ಹೊಂಟಾರ?"

ಯಾರು ಹೋದರೇನು, ವಿಮಾನ ಅಷ್ಟೇ ಹೊತ್ತು ತೆಗೆದುಕೊಳ್ಳುತ್ತದೆ ಎಂದೆ.

"ಅದು ಗಾಡಿ ಟೈಮ್, ತಮ್ಮಾ. ಅವ್ರು ಮನಶ್ಯಾನ ಟೈಮ್ ಕೇಳಾಕತ್ತಾರ."

ಆಮೇಲೆ ಬೆರಳು ಮಡಿಚಿ ಲೆಕ್ಕ ಶುರು. ಎರಡು ಊರುಗಳ ನಡುವಿನ ದೂರವನ್ನು ಸ್ಟ್ಯಾಂಡಿನಿಂದ ಸ್ಟ್ಯಾಂಡಿಗೆ ಅಳೆಯಬಾರದು, ಹೊಸ್ತಿಲಿನಿಂದ ಹೊಸ್ತಿಲಿಗೆ ಅಳೆಯಬೇಕು ಎಂಬುದು ಅವರ ಸಿದ್ಧಾಂತ. ಹೊರಡುತ್ತೇನೆ ಎಂದವನು ಹೊಸ್ತಿಲು ದಾಟಲು ಇಪ್ಪತ್ತು ಮಿನಿಟು. ಮರೆತದ್ದನ್ನು ತರಲು ಒಳಗೆ ಹೋಗಿ ಬರುವುದಕ್ಕೆ ಹತ್ತು. ಓಣಿಯ ಕೊನೆಯಲ್ಲಿ ಎಲ್ಲಿಗೆ ಹೊರಟಿರಿ ಎಂದು ಕೇಳುವವರಿಗೆ ಐದು. ಅವರನ್ನು ತಪ್ಪಿಸಿಕೊಂಡವರು ಯಾರೂ ಇಲ್ಲ. ಕೊಲ್ಹಾಪುರದಲ್ಲಿ ಬಸ್ಸು ಬದಲಿಸಲು ಒಂದು ಚಹಾ. ಚಹಾ ಎಂದರೆ ಅವರ ಲೆಕ್ಕದಲ್ಲಿ ಹದಿನೆಂಟು ಮಿನಿಟು, ಬಿಸ್ಕೀಟು ಇದ್ದರೆ ಇಪ್ಪತ್ತೆರಡು. ಹೀಗೆ ಆಜರಾದಿಂದ ದುಬೈಗೆ ಅವರು ಇಪ್ಪತ್ತಾರು ತಾಸು ಮಾಡಿದರು. ವ್ಯಾಪಾರಿ ನನ್ನ ಮುಖ ನೋಡಿದರು, ಅವರ ಮುಖ ನೋಡಿದರು, ಟಿಕೀಟು ನನ್ನ ಕಡೆ ತೆಗೆಸಿ ಸಲಹೆಯನ್ನು ಅವರಿಂದ ಪಡೆದು ಹೋದರು. ಮುಂದೆ ಇದೇ ನಮ್ಮ ಅಂಗಡಿಯ ಪದ್ಧತಿಯಾಯಿತು.

ಇಚಲಕರಂಜಿಯ ಮಗ್ಗದ ಮಾಲೀಕರೊಬ್ಬರು ಹೊಸ ಮಗ್ಗಗಳನ್ನು ನೋಡಲು ಚೀನಾಕ್ಕೆ ಹೋಗುವಾಗಲೂ ಹೀಗೇ ಆಯಿತು. ವಿಮಾನ ಎಷ್ಟು ತಾಸು ಎಂದು ನನ್ನಿಂದ ಬಾಯಿಮಾತಿನಲ್ಲಿ ಕೇಳಿಕೊಂಡು, ಮುಂದಿನದನ್ನೆಲ್ಲ ತಾವೇ ಕೂಡಿಸಿ, ಮನೆಯಿಂದ ಹೋಟೆಲಿನ ಹಾಸಿಗೆಯ ತನಕ ಮೂವತ್ತೊಂದು ತಾಸು ಎಂದರು. ಮಾಲೀಕರು ಅಲ್ಲಿಂದಲೇ ಫೋನು ಮಾಡಿ, ಮೂವತ್ತು ತಾಸು ನಲವತ್ತು ಮಿನಿಟು ಆಯಿತು ಎಂದು ವರದಿ ಒಪ್ಪಿಸಿದರು. ಸಾಹೇಬರಿಗೆ ಸಂತೋಷವಾಗಲಿಲ್ಲ. ಇಪ್ಪತ್ತು ಮಿನಿಟು ಎಲ್ಲಿ ಉಳಿಯಿತು ಎಂದು ಇಡೀ ದಿನ ಚಿಂತೆ ಮಾಡಿ, ಸಂಜೆ ಹೋಗುವಾಗ, ಆ ಮನುಷ್ಯ ಓಣಿಯಲ್ಲಿ ಯಾರನ್ನೂ ಮಾತಾಡಿಸದೆ ಹೋಗಿದ್ದಾನೆ, ಇಚಲಕರಂಜಿಯವರಿಗೆ ಪುರಸೊತ್ತಿಲ್ಲ ಎಂದು ತೀರ್ಮಾನ ಕೊಟ್ಟರು.

ಆದರೆ ಊರು ಅವರನ್ನು ನಿಜವಾಗಿ ನೆಚ್ಚಿಕೊಂಡಿದ್ದು ಸಾವಿನ ಮನೆಗಳಲ್ಲಿ. ಯಾರಾದರೂ ತೀರಿಕೊಂಡರೆ, ದೂರದ ಊರಿನ ಮಗಳೋ ತಮ್ಮನೋ ಬರುವ ತನಕ ಕಾಯಬೇಕು. ಬಹಳ ಹೊತ್ತು ಕಾಯುವಂತೆಯೂ ಇಲ್ಲ. ಹೆಣ ಎತ್ತುವ ತನಕ ಅಕ್ಕಪಕ್ಕದ ಮನೆಗಳಲ್ಲಿ ಒಲೆ ಹೊತ್ತಿಸುವುದಿಲ್ಲ. ಆಗ ಒಬ್ಬರು ಬಂದು ಸಾಹೇಬರನ್ನು ಕೇಳುತ್ತಿದ್ದರು: ಸೊಲ್ಲಾಪುರದಿಂದ ಎಂಟಕ್ಕೆ ಬಿಟ್ಟಿದ್ದಾರಂತೆ, ಎಷ್ಟಕ್ಕೆ ಇಡೋಣ? ಸಾಹೇಬರು ಕಣ್ಣು ಮುಚ್ಚಿ, ಅಳುವವರ ಜೊತೆಗಿನ ಗಾಡಿ ನಾಲ್ಕು ಕಡೆ ಹೆಚ್ಚಿಗೆ ನಿಲ್ಲುತ್ತದೆ ಎಂಬುದನ್ನೂ ಹಿಡಿದು, ಮೂರೂ ಐವತ್ತು ಎನ್ನುತ್ತಿದ್ದರು. ಮೂರೂ ಐವತ್ತಕ್ಕೆ ಓಣಿಯ ತಿರುವಿನಲ್ಲಿ ಗಾಡಿ ಕಾಣಿಸುತ್ತಿತ್ತು. ಈ ಕೆಲಸಕ್ಕೆ ಮಾತ್ರ ಅವರು ಯಾರ ಮನೆಯಲ್ಲೂ ಚಹಾ ಮುಟ್ಟುತ್ತಿರಲಿಲ್ಲ.

ಇನ್ನು ನಮ್ಮವ್ವನ ವಿಷಯ. ನಾವು ಜೈನರು. ಅವ್ವ ಮದುವೆಗೆ ಮೊದಲೇ ಒಬ್ಬ ಮುನಿಗಳ ಮುಂದೆ ನಿಯಮ ಹಿಡಿದವಳು: ಹೊತ್ತು ಮುಳುಗಿದ ಮೇಲೆ ಅನ್ನವಿಲ್ಲ, ನೀರೂ ಇಲ್ಲ. ಐವತ್ತು ವರ್ಷದಲ್ಲಿ ಒಮ್ಮೆಯೂ ತಪ್ಪಿಸಿಲ್ಲ. ಅವಳ ತವರು ನೂಲ. ಹಬ್ಬಕ್ಕೋ ಸುಗ್ಗಿಗೋ ಸಂಜೆಯ ಬಸ್ಸಿಗೆ ನಮ್ಮನ್ನು ಕಟ್ಟಿಕೊಂಡು ಹೋಗುವಾಗ ಅವಳ ಜೀವವೆಲ್ಲ ಸೂರ್ಯನ ಮೇಲೆ. ಆಗ ಇನ್ನೂ ನೌಕರಿಯಲ್ಲಿದ್ದ ಸಾಹೇಬರು ಕಿಟಕಿಯೊಳಗಿಂದಲೇ ಇದನ್ನು ಹೇಗೋ ತಿಳಿದುಕೊಂಡಿದ್ದರು. ಬಸ್ಸು ತಡವಾದ ದಿನ ಮೈಕಿನಲ್ಲಿ ಅಲ್ಲ, ಎದ್ದು ಹೊರಗೆ ಬಂದು ಹೇಳುತ್ತಿದ್ದರು: "ವೈನಿ, ಡಬ್ಬಿ ಇಲ್ಲೇ ಬಿಚ್ರಿ. ಇವತ್ತ ನೂಲ ಹೊತ್ತ ಮುಳಗಿದ ಮ್ಯಾಲ ಬರ್ತೈತಿ." ಅವ್ವ ಸ್ಟ್ಯಾಂಡಿನ ಬಾಕಿನ ಮೇಲೆ ಡಬ್ಬಿ ಬಿಚ್ಚಿ ಉಂಡು, ನೀರು ಕುಡಿದು, ಬಾಯಿ ಒರೆಸಿಕೊಂಡು ಬಸ್ಸು ಹತ್ತುತ್ತಿದ್ದಳು. ಅವರ ಮಾತು ಒಂದು ದಿನವೂ ಸುಳ್ಳಾಗಲಿಲ್ಲ. ಹಾಗಾಗಿ ಅವ್ವನ ಲೋಕದಲ್ಲಿ ಸೂರ್ಯನನ್ನು ಮುಳುಗಿಸುವ ಅಧಿಕಾರ ಇದ್ದದ್ದು ಇಬ್ಬರಿಗೆ, ಒಬ್ಬ ಭಗವಂತ, ಇನ್ನೊಬ್ಬರು ಕಂಟ್ರೋಲರ್ ಅಣ್ಣಾ. ಹೊಟ್ಟೆಯ ಮಗ, ಅಂದರೆ ನಾನು, ಈ ಪಟ್ಟಿಯಲ್ಲಿ ಬರುತ್ತಿರಲಿಲ್ಲ.

ನನ್ನ ತಂಗಿ ಗಂಡನ ಜೊತೆ ಲಂಡನ್ನಿನಲ್ಲಿದ್ದಾಳೆ, ಅಲ್ಲಿ ನರ್ಸು. ಎರಡು ವರ್ಷದ ಹಿಂದೆ ಬಸುರಿಯಾದಳು. ಬಾಣಂತನಕ್ಕೆ ಅವ್ವ ಹೋಗಲೇಬೇಕಾಯಿತು. ಜೂನ್ ತಿಂಗಳು, ಮುಂಬೈಯಿಂದ ನೇರ ವಿಮಾನ. ಟಿಕೀಟು ನಾನೇ ತೆಗೆದೆ. ಅವ್ವನಿಗೆ ವಿಮಾನದ ಭಯವಿರಲಿಲ್ಲ, ಚಳಿಯ ಭಯವಿರಲಿಲ್ಲ. ಅವಳದು ಒಂದೇ ಪ್ರಶ್ನೆ: ಎಷ್ಟಕ್ಕೆ ಉಣ್ಣಬೇಕು?

ನಾನು ಲೆಕ್ಕ ಹಾಕಿ ಹೇಳುವಷ್ಟರಲ್ಲಿ ಅವಳು ಟಿಕೀಟಿನ ಕಾಗದ ಹಿಡಿದು ಕುರ್ಚಿಯ ಮುಂದೆ ನಿಂತಿದ್ದಳು. ಸಾಹೇಬರು ಅಲ್ಲಿಯ ತನಕ ನನ್ನ ಬಾಯಿಯಿಂದ ವಿಮಾನದ ತಾಸುಗಳನ್ನು ಕೇಳಿದ್ದರೇ ಹೊರತು ಅದರ ವೇಳಾಪತ್ರಿಕೆಯನ್ನು ಕೈಯಲ್ಲಿ ಹಿಡಿದಿರಲಿಲ್ಲ. ಅಚ್ಚಾದ ಕಾಗದ ಕಂಡದ್ದೇ ಅವರ ಬೆನ್ನು ನೆಟ್ಟಗಾಯಿತು. ಬಿಡುವುದು ಮಧ್ಯಾಹ್ನ ಎರಡು, ಮುಟ್ಟುವುದು ಸಂಜೆ ಏಳು. ಐದು ತಾಸು ಎಂದು ಓದಿದರು.

ನಾನು ನಕ್ಕೆ. ಐದಲ್ಲ, ಒಂಬತ್ತೂವರೆ ತಾಸು. ಏಳು ಸಾವಿರ ಕಿಲೋಮೀಟರಿಗೂ ಮೇಲೆ ದೂರ. ಲಂಡನ್ ಗಡಿಯಾರ ನಮ್ಮದಕ್ಕಿಂತ ನಾಲ್ಕೂವರೆ ತಾಸು ಹಿಂದಿದೆ. ಆ ಏಳು ಎಂದರೆ ಅಲ್ಲಿಯ ಏಳು ಎಂದು ಬಿಡಿಸಿ ಹೇಳಿದೆ. ಸಾಹೇಬರು ತಾಳ್ಮೆಯಿಂದ ಕೇಳಿದರು. ಲಂಡನ್ನಿನ ಗಡಿಯಾರ ಹಿಂದಿದ್ದರೆ ಅದು ಲಂಡನ್ನಿನವರ ಪಾಡು ಎಂದರು. ಆಮೇಲೆ ತಮ್ಮ ಇಡೀ ನೌಕರಿಯನ್ನು ನಡೆಸಿದ ನಿಯಮವನ್ನು ಹೇಳಿದರು.

"ಗಾಡಿ ಯಾವ ಡೆಪೋ ಬಿಟ್ಟತಿ, ಆ ಡೆಪೋದ ಗಡಿಯಾರನ ಕಡೀತನಕ. ನಡುವ ಗಡಿಯಾರ ಬದಲಿ ಮಾಡಿದ್ರ ಲಾಗ್‌ಶೀಟ್ ಬರಿಯಾವ ಏನ ಮಾಡ್ಬೇಕು?"

ಲಾಗ್‌ಶೀಟ್ ಎಂದರೆ ಗಾಡಿ ಬಿಟ್ಟ ಹೊತ್ತು ಮುಟ್ಟಿದ ಹೊತ್ತು ಬರೆಯುವ ಕಾಗದ. ಆಕಾಶದಲ್ಲೂ ಒಬ್ಬ ಕಂಡಕ್ಟರ್ ಮೊಣಕಾಲ ಮೇಲೆ ಹಲಗೆ ಇಟ್ಟುಕೊಂಡು ಅದನ್ನು ಬರೆಯುತ್ತ ಕೂತಿರುತ್ತಾನೆ ಎಂದೇ ಅವರ ನಂಬಿಕೆ. ಅವ್ವನಿಗೆ ಸ್ಪಷ್ಟ ಸೂಚನೆ ಹೋಯಿತು: ನಿಮ್ಮ ಕೈಗಡಿಯಾರ ಮುಟ್ಟಬೇಡಿ, ಆರಕ್ಕೆ ಉಣ್ಣಿರಿ, ಏಳಕ್ಕೆ ಇಳಿಯುತ್ತೀರಿ, ಅಷ್ಟರಲ್ಲಿ ಹೊತ್ತು ಮುಳುಗುತ್ತದೆ, ಮುಂದೆ ಬೆಳಿಗ್ಗೆಯೇ. ನಾನು ಮನೆಯಲ್ಲಿ ಮತ್ತೊಮ್ಮೆ ತಿದ್ದಲು ನೋಡಿದೆ. "ನಿನ್ನ ಫೋನ್ ಒಂದರ ಸಲ ನೂಲಕ್ಕ ಹೋಗೇತೇನ?" ಎಂದು ಅವ್ವ ಕೇಳಿದಳು. ನನಗೂ ರೇಗಿತು. ಹಾಗಾದರೆ ನಿಮ್ಮ ಅಣ್ಣನನ್ನೇ ಕೇಳಿಕೊಂಡು ಹೋಗು ಎಂದುಬಿಟ್ಟೆ. ನಾಲ್ಕು ಮಾತು ಹೆಚ್ಚಿಗೆ ಆಡಿ ಅವಳಿಗೆ ತಿಳಿಸುವುದು ನನ್ನ ಕೆಲಸವಾಗಿತ್ತು. ಸೋತ ಸಿಟ್ಟಿನಲ್ಲಿ ಅದನ್ನು ಮಾಡಲಿಲ್ಲ.

ಆಮೇಲೆ ಆದದ್ದನ್ನು ಅವ್ವನೇ ಹೇಳಿದ್ದಾಳೆ. ವಿಮಾನದಲ್ಲಿ ಅವಳ ಗಡಿಯಾರದ ಆರಕ್ಕೆ ದಶಮಿ ರೊಟ್ಟಿ, ಶೇಂಗಾ ಚಟ್ನಿ ಉಂಡಳು. ಏಳಕ್ಕೆ ಐದು ಮಿನಿಟು ಇರುವಾಗ ಕೊನೆಯ ಗುಟುಕು ನೀರು ಕುಡಿದು, ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಇಳಿಯಲು ತಯಾರಾಗಿ ಕೂತಳು. ಏಳಾಯಿತು, ಎಂಟಾಯಿತು, ವಿಮಾನ ಇಳಿಯುವ ಸುದ್ದಿಯಿಲ್ಲ. ಕಿಟಕಿಯಲ್ಲಿ ಸೂರ್ಯ ಪಂಕ್ಚರ್ ಆದ ಬಸ್ಸಿನಂತೆ ನಿಂತಲ್ಲೇ ನಿಂತಿದ್ದ. ವಿಮಾನದ ಹುಡುಗಿ ಮೂರು ಸಲ ನೀರು ತಂದಳು, ಅವ್ವ ಮೂರು ಸಲ ಕೈ ಮುಗಿದಳು. ಹೊರಗೆ ಸುಡು ಬಿಸಿಲು, ಕೈಯಲ್ಲಿ ರಾತ್ರಿ. ಹೀಗೆ ನಾಲ್ಕೂವರೆ ತಾಸು. ಇಳಿದು ಸಾಲಿನಲ್ಲಿ ನಿಂತಾಗ ಕಣ್ಣಿಗೆ ಕತ್ತಲೆ ಬಂದು ಅಲ್ಲೇ ಕೂತುಬಿಟ್ಟಳು. ತುಂಬಿದ ಹೊಟ್ಟೆ ಹೊತ್ತು ಎದುರುಗೊಳ್ಳಲು ಬಂದ ತಂಗಿಗೆ, ಗಾಲಿಕುರ್ಚಿಯಲ್ಲಿ ತಲೆ ವಾಲಿಸಿಕೊಂಡ ಅವ್ವನ ದರ್ಶನವಾಯಿತು. ಮನೆಗೆ ಹೋದ ಮೇಲೂ ಕಿಟಕಿಯಲ್ಲಿ ಬಿಸಿಲಿತ್ತು, ತಂಗಿ ಮಾಡಿಟ್ಟ ಬಿಸಿ ಅನ್ನವಿತ್ತು. ಅವ್ವ ಮುಟ್ಟಲಿಲ್ಲ. ತಂಗಿ ಅತ್ತಳು. ಅವ್ವನೂ ಅತ್ತಳಂತೆ, ಆದರೆ ಮುಟ್ಟಲಿಲ್ಲ.

ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವಾಗ ತಂಗಿಯ ಫೋನು ಬಂತು. ಅವ್ವ ನೀರು ಕುಡಿದು ಎದ್ದು ಕೂತಿದ್ದಾಳೆ ಎಂದು ಕೇಳಿದ ಮೇಲೆ, ಹೆದರಿಕೆಯೆಲ್ಲ ಸಿಟ್ಟಾಯಿತು. ಸಾಹೇಬರು ಆಗಲೇ ಕುರ್ಚಿಯಲ್ಲಿದ್ದರು, ವೈನಿ ಆರಾಮ ಮುಟ್ಟಿದರೇ ಎಂದು ನಗುತ್ತ ಕೇಳಿದರು. ಎದುರಿಗೆ ನಾಲ್ಕು ಜನ ಗಿರಾಕಿಗಳಿದ್ದರು. ನಾನು ಅವರನ್ನೂ ನೋಡಲಿಲ್ಲ, ವಯಸ್ಸನ್ನೂ ನೋಡಲಿಲ್ಲ.

"ನಿಮ್ಮ ಟೈಮ್‌ಟೇಬಲ್ ನಮ್ಮವ್ವನ ಜೀವಾ ತಗಿತಿತ್ರಿ. ಇನ್ನ ಮ್ಯಾಲ ಬಸ್ಸಿನದಷ್ಟ ಹೇಳ್ರಿ."

ಅವರು ಪೂರ್ತಿ ಕೇಳಿಸಿಕೊಂಡರು. ಏನಾಯಿತೆಂದು ಒಂದೊಂದಾಗಿ ಕೇಳಿ ತಿಳಿದುಕೊಂಡರು. ಮುಖ ಸಣ್ಣದಾಯಿತು. "ನನ್ನ ಲೆಕ್ಕ ತಪ್ಪೇತಿ, ತಮ್ಮಾ" ಎಂದರು. ಓದುತ್ತಿದ್ದ ಪೇಪರನ್ನು ನಾಲ್ಕು ಮಡಿಕೆ ಮಾಡಿ ಕುರ್ಚಿಯ ಮೇಲೆ ಇಟ್ಟು ರಸ್ತೆ ದಾಟಿ ಹೋದರು. ಗಾಡಿ ಬರುತ್ತದೆಯೇ ಎಂದು ಎರಡೂ ಕಡೆ ನೋಡದೆ ಅವರು ರಸ್ತೆ ದಾಟಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮೂರು ತಿಂಗಳು ಅವರು ಅಂಗಡಿಗೆ ಬರಲಿಲ್ಲ. ಮೊದಲ ವಾರ ನನಗೆ ಹಾಯೆನಿಸಿತು, ಸುಳ್ಳೇಕೆ ಹೇಳಲಿ. ನಾನು ಹೇಳಿದ ಉತ್ತರ ಹೇಳಿದ ಹಾಗೇ ನಿಲ್ಲುತ್ತಿತ್ತು. ಎರಡನೆಯ ವಾರದಿಂದ ಗಿರಾಕಿಗಳು ನನ್ನ ಉತ್ತರ ಕೇಳಿದ ಮೇಲೂ ಖಾಲಿ ಕುರ್ಚಿಯ ಕಡೆ ನೋಡುತ್ತ ನಿಲ್ಲತೊಡಗಿದರು. ಹೈದರಾಬಾದ್ ಒಂದು ತಾಸು ಎಂದರೆ, ಅದು ಗಾಡಿಯ ಟೈಮ್ ಅಲ್ಲವೇ ಎಂದು ನನಗೇ ಕೇಳಿದರು. ಅವರ ಮನೆಗೆ ಹೋಗಿ ಬರೋಣವೆಂದು ಎರಡು ಸಲ ಹೊರಟು, ಓಣಿಯ ತಿರುವಿನಿಂದ ಹಿಂದೆ ಬಂದೆ. ನನಗೆ ನಾಚಿಕೆಯಾಗಿತ್ತು.

ಅಷ್ಟರಲ್ಲಿ ಅವರ ಮನೆಯಲ್ಲಿ ಏನು ನಡೆದಿತ್ತು ಎಂಬುದು ನನಗೆ ಆಮೇಲೆ ತಿಳಿಯಿತು. ಮಾಳಿಗೆಯ ಜಂತಿಗೆ ಒಂದು ಚಕ್ಕೋತದ ಹಣ್ಣನ್ನು ದಾರದಿಂದ ತೂಗುಬಿಟ್ಟು, ಅದರ ಮೇಲೆ ಹಳೆಯ ಬಸ್ ಟಿಕೀಟಿನ ಎರಡು ಚೂರು ಅಂಟಿಸಿ, ಒಂದು ಮುಂಬೈ ಒಂದು ಲಂಡನ್ ಮಾಡಿ, ಸೂರ್ಯನೆಂದು ಬ್ಯಾಟರಿಯ ಬೆಳಕು ಬಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡುತ್ತಿದ್ದರಂತೆ. ಹಣ್ಣು ಒಣಗಿದರೆ ಅವರ ಮನೆಯವರು ಹೊಸದು ತರಬೇಕು. ಸಂಜೆ ಹಿರಣ್ಯಕೇಶಿ ಹೊಳೆಯ ದಂಡೆಗೆ ಹೋಗಿ ನಿಂತು, ಹೊತ್ತು ಮುಳುಗಿದ ಮಿನಿಟನ್ನು ಬರೆದುಕೊಂಡು ಬರುತ್ತಿದ್ದರು. ಲಂಡನ್ನಿನಲ್ಲಿ ಎಷ್ಟಕ್ಕೆ ಮುಳುಗಿತು ಎಂಬ ಸುದ್ದಿಯೂ ಅವರಿಗೆ ದಿನಾ ಮುಟ್ಟುತ್ತಿತ್ತು. ಮುಟ್ಟಿಸುತ್ತಿದ್ದವಳು ನನ್ನ ಹೆಂಡತಿ. ತಂಗಿಗೆ ಫೋನು ಮಾಡಿ ಕೇಳಿ, ಹಿಟ್ಟಿನ ಗಿರಣಿಗೆ ಹೋಗುವ ನೆಪದಲ್ಲಿ ಅವರಿಗೆ ಹೇಳಿ ಬರುತ್ತಿದ್ದಳು. ನಮ್ಮ ಮನೆಯಲ್ಲಿ ಇಷ್ಟೊಂದು ಹಿಟ್ಟು ಯಾಕೆ ಖರ್ಚಾಗುತ್ತಿದೆ ಎಂದು ನಾನು ಕೇಳಲೂ ಇಲ್ಲ.

ಸೆಪ್ಟೆಂಬರಿನಲ್ಲಿ ಅವ್ವ ಹೊರಡುವ ಮುನ್ನಾದಿನ ಅವರು ಬಂದರು. ಕುರ್ಚಿಯಲ್ಲಿ ಕೂರಲಿಲ್ಲ, ಮೆಟ್ಟಿಲ ಕೆಳಗೇ ನಿಂತರು. ಹಳೆಯ ಲಾಗ್‌ಶೀಟಿನ ಬೆನ್ನಿಗೆ ಎರಡು ಅಂಕಣ ಎಳೆದು, ಎಡಕ್ಕೆ ಲಂಡನ್ ಗಡಿಯಾರ, ಬಲಕ್ಕೆ ನಮ್ಮ ಗಡಿಯಾರ ಬರೆದಿದ್ದರು. ಹೋಗುವಾಗ ವಿಮಾನ ಸೂರ್ಯನ ಬೆನ್ನು ಹತ್ತಿತ್ತು, ಅದಕ್ಕೇ ಹೊತ್ತು ಮುಳುಗಲಿಲ್ಲ ಎಂದು ನನಗೆ ಪಾಠ ಹೇಳಿದರು. ನನಗೆ ಗೊತ್ತಿದ್ದದ್ದನ್ನೇ ಹೇಳುತ್ತಿದ್ದಾರೆಂದು ಮೊದಲು ಅನ್ನಿಸಿತು. ಆಮೇಲಿನದು ನನಗೆ ಗೊತ್ತಿರಲಿಲ್ಲ.

"ಬರೂವಾಗ ಎರಡೂ ಗಾಡಿ ಎದರಾಬದರ, ತಮ್ಮಾ. ಹನ್ನೊಂದಕ್ಕ ಲಂಡನ್ ಬಿಟ್ಟ ನಾಕೂವರಿ ತಾಸಿಗೆ, ಮೂರೂವರಿಗೆ, ಕ್ರಾಸಿಂಗ್ ಆಕೈತಿ. ವೈನಿಗೆ ಹೇಳ್ರಿ, ಗಡಿಯಾರ ಲಂಡನ್ ಟೈಮಿಗೆ ಇಟ್ಕೋರಿ, ಮೂರೂ ಹದಿನೈದಕ್ಕ ಡಬ್ಬಿ ಮುಚ್ರಿ."

ಅವರು ಹೋದ ಮೇಲೆ ನಾನು ಫೋನು ತೆಗೆದು ಕೂತೆ. ಅದು ಲಂಡನ್ನಿಗೂ ಮುಂಬೈಗೂ ಇರುವ ದೂರ ಹೇಳಿತು, ಒಂಬತ್ತು ತಾಸು ಎಂದು ಹೇಳಿತು, ಅಲ್ಲಿ ಎಷ್ಟಕ್ಕೆ ಹೊತ್ತು ಮುಳುಗುತ್ತದೆ ಇಲ್ಲಿ ಎಷ್ಟಕ್ಕೆ ಎಂದೂ ಹೇಳಿತು. ನಡುವೆ ಆಕಾಶದಲ್ಲಿ ಡಬ್ಬಿ ಹಿಡಿದುಕೊಂಡು ಕೂತ ಮುದುಕಿಗೆ ಎಷ್ಟಕ್ಕೆ ಮುಳುಗುತ್ತದೆ ಎಂದು ಎಷ್ಟು ಬಗೆಯಲ್ಲಿ ಕೇಳಿದರೂ ನನ್ನ ಕೈಗೆ ಉತ್ತರ ಸಿಗಲಿಲ್ಲ. ಚೀಟಿಯ ಫೋಟೋ ತೆಗೆದು ತಂಗಿಗೆ ಕಳಿಸಿದೆ. ಅವಳು ಬೇಡವೇ ಬೇಡ ಎಂದಳು. ಅವ್ವ ಮಾತ್ರ ಯಾರು ಬರೆದದ್ದು ಎಂದು ಕೇಳಿ, ಗಡಿಯಾರವನ್ನು ಬಿಚ್ಚಿ ಮಗಳ ಕೈಗೆ ಕೊಟ್ಟು, ಲಂಡನ್ ಟೈಮಿಗೆ ತಿರುಗಿಸು ಎಂದಳಂತೆ.

ಮುಂಬೈಗೆ ಹೋಗಿ ಅವಳನ್ನು ಕರೆದುಕೊಂಡು ಬಂದವನು ನಾನೇ. ಹೊತ್ತು ಎಷ್ಟಕ್ಕೆ ಮುಳುಗಿತು ಎಂದು ದಾರಿಯುದ್ದಕ್ಕೂ ಕೇಳಿದೆ, ಹೇಳಲಿಲ್ಲ. ಮೊಮ್ಮಗಳ ಮೂಗು ನನ್ನ ಹಾಗಿಲ್ಲ, ಪುಣ್ಯ ಎಂದು ಮಾತ್ರ ಹೇಳಿದಳು. ಕೊಲ್ಹಾಪುರದಿಂದ ಎಸ್‌ಟಿ ಹಿಡಿದು ಮಧ್ಯಾಹ್ನ ಗಡಹಿಂಗ್ಲಜದಲ್ಲಿ ಇಳಿದಾಗ ಸಾಹೇಬರು ಇಸ್ತ್ರಿ ಅಂಗಿಯಲ್ಲಿ ಫಲಾಟಿನ ಕಂಬಕ್ಕೆ ಆತು ನಿಂತಿದ್ದರು. ಕೇಳಲು ಧೈರ್ಯವಿಲ್ಲದೆ ನಮ್ಮ ಬಸ್ಸಿನ ನಂಬರು ಓದುತ್ತಿದ್ದರು. ಅವ್ವ ಮೆಟ್ಟಿಲಿಂದ ಇಳಿದು ನೇರ ಅವರ ಮುಂದೆ ಹೋಗಿ ನಿಂತಳು.

"ಮೂರೂ ಹದಿನೈದಕ್ಕ ಡಬ್ಬಿ ಮುಚ್ಚಿದೆ, ಅಣ್ಣಾ. ಮೂರೂ ನಲವತ್ತಕ್ಕ ಮುಳಗಿದ. ಹತ್ತ ಮಿನಿಟ ಲೇಟ್ ಅದಾನ."

ಸಾಹೇಬರು ಅಂಗೈ ಮೇಲೆ ಮಾಡಿ ತಮ್ಮ ಗಡಿಯಾರ ನೋಡಿಕೊಂಡರು. ಆ ಹೊತ್ತಿನಲ್ಲಿ ಅದನ್ನು ನೋಡುವ ಕಾರಣವೇನೂ ಇರಲಿಲ್ಲ. ಕಣ್ಣು ತುಂಬಿದ್ದವು, ಎಲ್ಲಿಯಾದರೂ ನೋಡಬೇಕಿತ್ತು. ಆಕಾಶದಲ್ಲಿ ಹತ್ತು ಮಿನಿಟು ನಡೆಯುತ್ತದೆ ಎಂದು ಸೂರ್ಯನನ್ನು ಮಾಫಿ ಮಾಡಿದರು. ಮರುದಿನ ಒಂಬತ್ತಕ್ಕೆ ಕುರ್ಚಿ ತುಂಬಿತ್ತು. ನಾನು ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. ಅವರು ಕುರ್ಚಿಯ ಕಾಲ ಕೆಳಗಿನ ರಟ್ಟು ಸವೆದಿದೆ, ಬೇರೆ ಇಡು ಎಂದರು. ನಮ್ಮ ರಾಜಿ ಅಷ್ಟರಲ್ಲೇ ಮುಗಿಯಿತು.

ಹೋದ ತಿಂಗಳು ಒಂದು ಬೆಳಗಿನ ಜಾವ ಅವರು ತೀರಿಕೊಂಡರು. ಮಲಗಿದಲ್ಲೇ, ಯಾರಿಗೂ ತೊಂದರೆ ಕೊಡದೆ. ಅವರ ಒಬ್ಬಳೇ ಮಗಳು ನಾಗಪುರದಲ್ಲಿ. ಅವಳು ಬರುವ ತನಕ ಕಾಯುವುದೆಂದಾಯಿತು. ಎಷ್ಟಕ್ಕೆ ಇಡೋಣ ಎಂಬ ಮಾತು ಬಂತು. ನೆರೆದವರೆಲ್ಲ ಅಭ್ಯಾಸದಿಂದ ಅವರ ಕಡೆಗೇ ತಿರುಗಿದರು. ಅವರು ವಿಭೂತಿ ಹಚ್ಚಿಸಿಕೊಂಡು ಗೋಡೆಗೆ ಆತು ಕೂತಿದ್ದರು. ಆಮೇಲೆ ಎಲ್ಲರೂ ನನ್ನನ್ನು ನೋಡಿದರು.

ನಾನು ಫೋನು ತೆಗೆದೆ. ಮಗಳು ಹತ್ತಕ್ಕೆ ಹೊರಡುತ್ತಾಳಂತೆ, ನಾಗಪುರದಿಂದ ಪುಣೆಗೆ ವಿಮಾನ ಒಂದೂವರೆ ತಾಸು, ಪುಣೆಯಿಂದ ಇಲ್ಲಿಗೆ ಕಾರಿನಲ್ಲಿ ಐದೂವರೆ. ಐದು ಗಂಟೆಗೆ ಬರುತ್ತಾರೆ ಎಂದು ಹೇಳಿದೆ. ಅವ್ವ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಹೆಣ ಎತ್ತಿದ ಮೇಲೆ ಸ್ನಾನ ಮಾಡಿ ಉಣ್ಣುವ ಪದ್ಧತಿ. ಐದಕ್ಕೆ ಎಂದರೆ ಹೊತ್ತು ಮುಳುಗುವುದರೊಳಗೆ ಒಂದು ತುತ್ತು ಆಗುತ್ತದೆ ಎಂದು ನನ್ನ ಮಾತು ನಂಬಿ ಕೂತಳು. ಹುಟ್ಟಿದ ಮೇಲೆ ಮೊದಲ ಸಲ ಅವಳು ನನ್ನ ಟೈಮು ನಂಬಿದ್ದು.

ಮಗಳು ಬಂದದ್ದು ಆರೂ ನಲವತ್ತಕ್ಕೆ. ಮನೆ ಬಿಟ್ಟವಳು ಫೋನು ಮರೆತು ಹಿಂದೆ ಹೋಗಿದ್ದಳು. ಲಿಫ್ಟಿನ ಬಳಿ ನೆರೆಯವರು ಹಿಡಿದು ಅತ್ತಿದ್ದರು. ದಾರಿಯಲ್ಲಿ ಎರಡು ಕಡೆ ಕಾರು ನಿಲ್ಲಿಸಿ ವಾಂತಿ ಮಾಡಿಕೊಂಡಿದ್ದಳು. ಕಾಗಲದ ಹತ್ತಿರ ರಸ್ತೆ ಅಗಲ ಮಾಡುವ ಕೆಲಸ ನಡೆದಿತ್ತು. ನನ್ನ ಫೋನಿಗೆ ಇದಾವುದೂ ಗೊತ್ತಿರಲಿಲ್ಲ. ಅದು ಗಾಡಿಯ ಟೈಮು ಹೇಳಿತ್ತು. ಹೊತ್ತು ಆಗಲೇ ಮುಳುಗಿಹೋಗಿತ್ತು. ಬ್ಯಾಟರಿಗಳ ಬೆಳಕಿನಲ್ಲಿ ಮಣ್ಣು ಕೊಟ್ಟು ಬಂದೆವು. ಬರುವ ದಾರಿಯಲ್ಲಿ ಅವರ ಹಾಗೆ ಬೆರಳು ಮಡಿಚಿ, ಮರೆತದ್ದಕ್ಕೆ ಹತ್ತು, ಮಾತಾಡಿಸಿದವರಿಗೆ ಐದು, ಅಳುವವರ ಗಾಡಿ ನಾಲ್ಕು ಕಡೆ ಎಂದು ಕೂಡಿಸುತ್ತ ಬಂದೆ. ಆರೂ ಮೂವತ್ತೈದು ಬಂತು. ಅವರಿದ್ದಿದ್ದರೆ ಬೆಳಿಗ್ಗೆಯೇ ಅವ್ವನ ಹತ್ತಿರ ಎದ್ದು ಬಂದು, ವೈನಿ, ಡಬ್ಬಿ ಬಿಚ್ಚಿರಿ ಎನ್ನುತ್ತಿದ್ದರು.

ಮನೆಯಲ್ಲಿ ಅವ್ವ ಸ್ನಾನ ಮುಗಿಸಿ ಅಡಿಗೆಮನೆಯ ಬಾಗಿಲಲ್ಲಿ ಕೂತಿದ್ದಳು. ತುಟಿ ಒಣಗಿತ್ತು. ಮುಂದೆ ಖಾಲಿ ಲೋಟ. ಹಗುರ ಮಾಡಲು ನೋಡಿದೆ.

"ಅವ್ವಾ, ಲಂಡನ್‌ದಾಗ ಇನ್ನಾ ಮಧ್ಯಾಹ್ನ ಐತಿ. ನಿನ್ನ ಮೊಮ್ಮಗಳ ಮನ್ಯಾಗ ಬಿಸಲ ಅದ. ಆ ಲೆಕ್ಕದಾಗ ಎರಡ ಗುಟಕ ನೀರ ಕುಡಿ."

ಅವ್ವ ನನ್ನನ್ನು ನೋಡಿದಳು. ಲೋಟವನ್ನು ತಿರುಗಿಸಿ ನೆಲದ ಮೇಲೆ ಬೋರಲು ಇಟ್ಟಳು.

"ಗಾಡಿ ಯಾವ ಡೆಪೋ ಬಿಟ್ಟತಿ, ಆ ಡೆಪೋದ ಗಡಿಯಾರನ ಕಡೀತನಕ" ಎಂದಳು. "ಅಣ್ಣಾ ಅದನ್ನೇನ ತಪ್ಪ ಹೇಳಿದ್ದಿಲ್ಲ."